ಸೊಂಟದುದ್ದ ಕಾಣುವ ನೀರು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿ ಮನೆ. ಮನೆ ಹಿಂದೆ ಬಾವಿ, ತೋಟದ ತಲೆಯಲ್ಲಿ ಪ್ಲಾಸ್ಟಿಕ್ ಶೀಟು ಹಾಸಿದ ಕೃಷಿ ಹೊಂಡ, ತೋಟ ದಾಟಿದರೆ ತುಂಗೆ ಸೇರುವ ಹಳ್ಳ. ಬೇಸಿಗೆ ರಜೆಗೆ ಬೆಂಗಳೂರಿನಿಂದ ತಂಗಿಯ ಮೂರು ಮಕ್ಕಳು ಬರುತ್ತಿದ್ದಾರೆ. ಒಬ್ಬನಿಗೆ ಮೂರು ವರ್ಷ, ಒಬ್ಬಳಿಗೆ ಎಂಟು, ದೊಡ್ಡವನಿಗೆ ಹದಿಮೂರು. ಯಾರಿಗೂ ಈಜು ಬಾರದು. ನೀರಿಗೆ ಇಳಿಯಲೇಬೇಡಿ ಎನ್ನಲು ಮನಸ್ಸಿಲ್ಲ. ನಮ್ಮ ಮಾವನವರು "ನಾವೆಲ್ಲ ಹೊಳೆಯಲ್ಲೇ ಬೆಳೆದವರು, ಏನೂ ಆಗಲ್ಲ" ಅನ್ನುತ್ತಾರೆ. ಏನೇನು ನೋಡಿಕೊಳ್ಳಬೇಕು? ಹತ್ತು ದಿನದಲ್ಲಿ ಈಜು ಕಲಿಸಬಹುದೇ? (ಎಂಟು ವರ್ಷದವಳಿಗೆ ಮೊದಲು ಫಿಟ್ಸ್ ಬರುತ್ತಿತ್ತು. ಮಾತ್ರೆ ನಡೀತಿದೆ, ಒಂದು ವರ್ಷದಿಂದ ಬಂದಿಲ್ಲ.)

ಉತ್ತರ: ನೀವು ಆವರಣದೊಳಗೆ ಹಾಕಿದ ಮಾತಿನಿಂದಲೇ ಶುರು ಮಾಡಬೇಕು. ಇಡೀ ಪತ್ರದಲ್ಲಿ ಅದಕ್ಕಿಂತ ಮುಖ್ಯವಾದ ಸಾಲಿಲ್ಲ. ಮೂರ್ಛೆ ರೋಗ ಇರುವವರು ನೀರಿನಲ್ಲಿ ಮುಳುಗಿ ಸಾಯುವ ಸಾಧ್ಯತೆ ಉಳಿದವರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಫಿಟ್ಸ್ ಬಂದ ಮಗು ಕೂಗುವುದಿಲ್ಲ, ಕೈ ಚಾಚುವುದಿಲ್ಲ. ನಿಂತಲ್ಲೇ ಕೆಳಗೆ ಹೋಗುತ್ತದೆ. ಒಂದು ವರ್ಷದಿಂದ ಬಂದಿಲ್ಲ ಎನ್ನುವುದು ಒಳ್ಳೆಯ ಸುದ್ದಿಯೇ. ಆದರೆ ರಾತ್ರಿ ಬಸ್ಸಿನ ನಿದ್ದೆಗೇಡು, ಊರಿಗೆ ಬಂದ ಗಲಾಟೆಯಲ್ಲಿ ತಪ್ಪಿದ ಒಂದು ಹೊತ್ತಿನ ಮಾತ್ರೆ, ಇವೆರಡೇ ಸಾಕು ಫಿಟ್ಸ್ ಮರಳಲು. ಬಂದ ಮರುದಿನ ಅವಳನ್ನು ನೀರಿಗೆ ಕರೆದೊಯ್ಯಬೇಡಿ, ಎರಡು ರಾತ್ರಿ ಚೆನ್ನಾಗಿ ನಿದ್ದೆಯಾಗಲಿ. ಹೊರಡುವ ಮೊದಲೇ ತಂಗಿ ಮಗುವಿನ ವೈದ್ಯರನ್ನು ಕೇಳಿಕೊಳ್ಳಲಿ. ಅವರು ಒಪ್ಪಿದರೂ ಅವಳ ಪಾಲಿಗೆಂದೇ ಒಬ್ಬ ದೊಡ್ಡವರು, ಅವಳನ್ನು ಎತ್ತಬಲ್ಲ ಗಟ್ಟಿಯಾಳು, ನೀರಿನೊಳಗೇ ಕೈಗೆಟುಕುವ ದೂರದಲ್ಲಿರಬೇಕು. ಅವಳಿಗೆ ಹಳ್ಳದಲ್ಲಿ ಸೆಳವಿಲ್ಲದ ಕಡೆಯ ನೀರು, ಸೊಂಟಕ್ಕಿಂತ ಕೆಳಗೆ, ಮೈಮೇಲೆ ಲೈಫ್ ಜಾಕೆಟ್. ಬಚ್ಚಲಲ್ಲಿ ಚೊಂಬಿನಿಂದ ಮೀಯಲಿ, ತೊಟ್ಟಿಯೊಳಗೆ ಕೂರುವುದು ಬೇಡ, ಬಾಗಿಲ ಚಿಲಕ ಹಾಕುವುದೂ ಬೇಡ. ನೀರಿನಲ್ಲೇ ಫಿಟ್ಸ್ ಬಂದರೆ ಹಿಂದಿನಿಂದ ಹಿಡಿದು ಮುಖ ನೀರಿನ ಮೇಲಿರುವಂತೆ ನೋಡಿಕೊಳ್ಳಿ, ಬಾಯಿಗೆ ಏನನ್ನೂ ತುರುಕಬೇಡಿ. ಸೆಳೆತ ಇಳಿದ ಮೇಲೆ ದಡಕ್ಕೆ ತಂದು ಉಸಿರು ನೋಡಿ. ಆಮೇಲೆ ಮಗು ಎಷ್ಟೇ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಮಾವನವರ ಮಾತು. ಅವರು ಹೇಳುವುದು ಸುಳ್ಳಲ್ಲ, ಆದರೆ ಅವರು ಬಲ್ಲ ಹೊಳೆ ಈಗ ಇಲ್ಲ. ಮಲೆನಾಡಿನ ಹಳೆಯ ತಲೆಮಾರು ಹೊಳೆಯ ಗುಂಡಿಗಳನ್ನು ಹೆಸರು ಹಿಡಿದು ಬಲ್ಲದು: ಎಲ್ಲಿ ಎಮ್ಮೆ ಮೀಯುತ್ತದೆ, ಎಲ್ಲಿ ಸುಳಿ ಇದೆ, ಯಾವ ಬಂಡೆಯಾಚೆ ನೆಲ ಸಿಗುವುದಿಲ್ಲ, ಎಲ್ಲ ಗೊತ್ತು. ಮರಳು ತೆಗೆದ ಕಡೆಗಳಲ್ಲಿ ಆ ಲೆಕ್ಕ ತಪ್ಪಿದೆ. ಮೊದಲು ನುಣುಪಾಗಿ ಇಳಿಯುತ್ತಿದ್ದ ಮರಳು ದಂಡೆಯಲ್ಲಿ ಈಗ ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಎರಡಾಳು ಗುಂಡಿ ಸಿಗಬಹುದು. ಗುಂಡಿಯ ಅಂಚು ಸಡಿಲ ಮರಳು, ಮೇಲೆ ಹತ್ತಲು ಹೋದರೆ ಅಂಚೇ ಕುಸಿದು ಕಾಲ ಕೆಳಗೆ ಬರುತ್ತದೆ. ಜೊತೆಗೆ, ಹೊಳೆಯಲ್ಲಿ ಬೆಳೆದವರು ಐದು ವರ್ಷದಿಂದಲೇ ಅಣ್ಣಂದಿರ ಹಿಂದೆ ಹೋಗಿ ಆ ನೀರನ್ನು ಅಭ್ಯಾಸ ಮಾಡಿಕೊಂಡವರು. ರಜೆಗೆ ಬಂದ ಮಕ್ಕಳಿಗೆ ಆ ಅಭ್ಯಾಸ ಇಲ್ಲ. ಇಬ್ಬರೂ ಒಂದೇ ಗುಂಡಿಗೆ ಒಟ್ಟಿಗೆ ಇಳಿದಾಗ ಊರಿನ ಹುಡುಗ ನಿಂತ ಜಾಗದಲ್ಲಿ ಪೇಟೆಯ ಹುಡುಗನೂ ನಿಲ್ಲಬಲ್ಲ ಎಂದು ಎಲ್ಲರೂ ನಂಬಿಬಿಡುತ್ತಾರೆ.

ಮೂರು ಮಕ್ಕಳಿಗೆ ಒಂದೇ ನಿಯಮ ಮಾಡಬೇಡಿ. ಮೂವರಿಗೂ ಅಪಾಯ ಬೇರೆ ಬೇರೆ ಕಡೆಯಿಂದ ಬರುತ್ತದೆ.

ಮೂರು ವರ್ಷದವನಿಗೆ ಹಳ್ಳ ದೊಡ್ಡ ಅಪಾಯವಲ್ಲ, ಅಲ್ಲಿಗೆ ಅವನೊಬ್ಬನೇ ಹೋಗುವುದು ಕಷ್ಟ. ಅವನ ಅಪಾಯ ಅಂಗಳದಲ್ಲಿದೆ. ಆ ವಯಸ್ಸಿನಲ್ಲಿ ಮೈಗಿಂತ ತಲೆ ಭಾರ. ಬಕೆಟ್ಟಿಗೆ ಬಗ್ಗಿದ ಮಗು ತಲೆಕೆಳಗಾದರೆ ತನ್ನನ್ನು ತಾನು ಎತ್ತಿಕೊಳ್ಳಲಾರದು. ಬಾಯಿ ಮೂಗು ಮುಚ್ಚುವಷ್ಟು, ಒಂದೆರಡು ಇಂಚು ನೀರು ಸಾಕು. ಮನೆಯ ಸುತ್ತ ಒಮ್ಮೆ ಅವನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿ: ಬಚ್ಚಲ ತೊಟ್ಟಿ, ಕೊಟ್ಟಿಗೆಯ ಅಕ್ಕಚ್ಚಿನ ಬಾನಿ, ಬಟ್ಟೆ ನೆನೆಹಾಕಿದ ಟಬ್ಬು, ಗೋಬರ್ ಗ್ಯಾಸಿನ ಗುಂಡಿ, ತೆಂಗಿನ ಸಸಿಗೆ ತೋಡಿಟ್ಟ ಗುಂಡಿಯಲ್ಲಿ ನಿಂತ ಮಳೆನೀರು, ಸಂಪಿನ ಮುಚ್ಚಳ. ಬೇಡದ ನೀರನ್ನು ಚೆಲ್ಲಿ ಪಾತ್ರೆ ಬೋರಲು ಹಾಕಿ. ಉಳಿದವಕ್ಕೆ ಮಗು ಎತ್ತಲಾಗದ ಮುಚ್ಚಳ ಇರಲಿ. ತಗಡಿನ ತುಂಡು ಮುಚ್ಚಳವಲ್ಲ, ಅದರ ಮೇಲೆ ಮಗು ಹತ್ತಿದರೆ ಅದರೊಂದಿಗೇ ಒಳಗೆ ಬೀಳುತ್ತದೆ.

ಬಾವಿಗೆ ಕಟ್ಟೆ ಇದ್ದರೆ ಸಾಲದು, ಅದು ನಾಲ್ಕು ಅಡಿಗೆ ಕಡಿಮೆ ಇರಬಾರದು. ಕಟ್ಟೆಗೆ ತಾಗಿಸಿ ಕೊಡ ಇಡುವ ಕಲ್ಲು, ಬಟ್ಟೆ ಒಗೆಯುವ ಕಲ್ಲು ಇದ್ದರೆ ಎತ್ತರದ ಲೆಕ್ಕವನ್ನು ಆ ಕಲ್ಲಿನ ಮೇಲಿಂದ ಹಿಡಿಯಬೇಕು, ನೆಲದಿಂದಲ್ಲ. ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲೇ. ಬಾಯಿಗೆ ಕಬ್ಬಿಣದ ಸರಳಿನ ಜಾಲರಿ ಕೂರಿಸಿ, ಕೊಡ ಇಳಿಸುವಷ್ಟು ಬಾಗಿಲು ಬಿಟ್ಟು ಬೀಗ ಹಾಕಿ. ಮೀನಿನ ಬಲೆಯಂಥದ್ದು ಎಲೆ ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ.

ಚಿಕ್ಕ ಮಕ್ಕಳು ಮುಳುಗುವುದು ಹೆಚ್ಚಾಗಿ ದೊಡ್ಡವರ ಕೈ ಕೆಲಸದಲ್ಲಿರುವ ಹೊತ್ತಿನಲ್ಲಿ. ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಅಡುಗೆ ಮುಗಿಯುವವರೆಗೆ ಅಂಥ ಹೊತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬೆಳಗಿನ ಆ ನಾಲ್ಕು ಗಂಟೆ ಚಿಕ್ಕ ಮಕ್ಕಳನ್ನು ಒಂದು ಕಡೆ ಕೂರಿಸಿ ನೋಡಿಕೊಳ್ಳುವ ವ್ಯವಸ್ಥೆ ಮಾಡಿದಾಗ ಆ ವಯಸ್ಸಿನವರ ಮುಳುಗು ಸಾವು ಬಹುಪಾಲು ಇಳಿಯಿತು. ನಿಮ್ಮ ಮನೆಗೆ ಇದರ ಅರ್ಥ ಇಷ್ಟು: ಮನೆ ತುಂಬ ಜನ ಇದ್ದಾಗ "ಯಾರಾದರೂ ನೋಡುತ್ತಿರುತ್ತಾರೆ" ಎಂಬುದು ನಡೆಯುವುದಿಲ್ಲ. ಒಬ್ಬರ ಹೆಸರು ಹೇಳಿ ಒಪ್ಪಿಸಿ. ಅವರು ಏಳುವಾಗ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿ ಏಳಲಿ. ಮಗು ಕಾಣಿಸದಿದ್ದರೆ ಅಟ್ಟ, ಮಂಚದ ಕೆಳಗೆ, ಪಕ್ಕದ ಮನೆ ಎಲ್ಲ ಆಮೇಲೆ. ಮೊದಲು ಬಾವಿ, ಬಾನಿ, ಹೊಂಡ.

ಹೊಂಡದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ನಿಮ್ಮ ಜಾಗದಲ್ಲಿರುವ ಮೂರು ನೀರಿನಲ್ಲಿ ಅದೇ ಅತಿ ಕೆಟ್ಟದ್ದು, ನೋಡಲು ಅದೇ ಅತಿ ಸೌಮ್ಯ. ಸೆಳವಿಲ್ಲ, ತಿಳಿನೀರು, ಚೌಕದ ಕೊಳದಂತೆ ಕಾಣುತ್ತದೆ. ಆದರೆ ಒಳಮೈ ಇಳಿಜಾರು, ಮೇಲೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಒಂದೇ ತಿಂಗಳಲ್ಲಿ ಲೋಳೆಯಂಥ ಪಾಚಿ, ಆಳ ಸುಮಾರು ಹತ್ತು ಅಡಿ. ಅಂಚಿನಲ್ಲಿ ಕೈ ತೊಳೆಯಲು ಬಗ್ಗಿದವರು ಜಾರಿದರೆ ನಿಲ್ಲುವುದು ತಳದಲ್ಲಿ. ಹತ್ತಲು ಹೋದರೆ ಅಂಗಾಲಿಗೆ ಹಿಡಿತವಿಲ್ಲ, ಉಗುರಿಗೆ ಸಿಗುವಂಥದ್ದೇನೂ ಇಲ್ಲ. ಒದ್ದಷ್ಟೂ ಶೀಟು ಸುಕ್ಕಾಗಿ ಜಾರುತ್ತದೆ. ಈಜು ಬರುವವರೂ ಅಲ್ಲಿ ಸುಸ್ತಾಗಿ ಸಾಯುತ್ತಾರೆ. ಯಾವ ಮಗುವಿಗೂ, ಯಾವ ಹೊತ್ತಿಗೂ, ದೊಡ್ಡವರು ಜೊತೆಗಿದ್ದರೂ, ಹೊಂಡ ಈಜುವ ಜಾಗವಲ್ಲ.

ಮಾಡಬೇಕಾದ ಕೆಲಸ ಎರಡು. ಒಂದು ಬೇಲಿ: ನಾಲ್ಕೂ ಕಡೆ, ನಾಲ್ಕು ಅಡಿಗಿಂತ ಎತ್ತರ, ಚಿಕ್ಕ ಕಣ್ಣಿನ ಜಾಲರಿ. ಅಡ್ಡ ತಂತಿ ಎಳೆದ ಬೇಲಿ ಮಕ್ಕಳಿಗೆ ಏಣಿ ಇದ್ದ ಹಾಗೆ. ನೆಲದಿಂದ ಬೇಲಿಯ ಕೆಳ ಅಂಚಿಗೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬೇಡ. ಗೇಟು ಹೊರಕ್ಕೆ ತೆರೆಯಲಿ, ತಾನಾಗಿ ಮುಚ್ಚಿಕೊಳ್ಳಲಿ, ಕೊಂಡಿ ದೊಡ್ಡವರ ಎದೆಯ ಎತ್ತರಕ್ಕಿರಲಿ. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆ ತಂತಿ ಬೇಲಿಗೂ ಸಹಾಯಧನ ಸೇರಿದೆ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಎರಡನೆಯದು ಹತ್ತಿ ಬರುವ ದಾರಿ: ನಾಲ್ಕೂ ಬದಿಯಲ್ಲಿ ಒಂದೊಂದು ದಪ್ಪ ಹಗ್ಗ, ಅಡಿಗೊಂದು ಗಂಟು, ತಳದವರೆಗೆ ಇಳಿಬಿಟ್ಟಿರಬೇಕು. ಕೈ ಬೀಸಿದಲ್ಲಿ ಹಗ್ಗ ಸಿಗಬೇಕು, ಆದ್ದರಿಂದ ಒಂದೇ ಬದಿಗೆ ಕಟ್ಟಿದರೆ ಆಗುವುದಿಲ್ಲ. ಹಗ್ಗದ ಬುಡವನ್ನು ಅಂಚಿನಿಂದ ಮೂರಡಿ ಹಿಂದೆ ಹುಗಿದ ಗೂಟಕ್ಕೆ ಕಟ್ಟಿ, ಶೀಟಿನ ಅಂಚಿಗೆ ಕಟ್ಟಬೇಡಿ. ಹಳೆಯ ಟೈರುಗಳನ್ನು ಹಗ್ಗಕ್ಕೆ ಸಾಲಾಗಿ ಪೋಣಿಸಿ ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಬಿಸಿಲಿಗೆ ಪ್ಲಾಸ್ಟಿಕ್ ಹಗ್ಗ ಒಂದೆರಡು ವರ್ಷದಲ್ಲಿ ಪುಡಿಯಾಗುತ್ತದೆ, ಪ್ರತಿ ಬೇಸಿಗೆಗೂ ನೇತಾಡಿ ಪರೀಕ್ಷಿಸಿ.

ಈಗ ಹಳ್ಳ. ಮಕ್ಕಳು ನೀರಾಡಲು ಇದೇ ಸರಿಯಾದ ಜಾಗ, ಆದರೆ ನೀವು ಆರಿಸಿದ ಗುಂಡಿಯಲ್ಲಿ, ನೀವು ಅಳೆದ ಮೇಲೆ. ಬೇಸಿಗೆಯ ಹಳ್ಳದ ತಿಳಿನೀರು ಕಣ್ಣಿಗೆ ಮೋಸ ಮಾಡುತ್ತದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ನೇರ ಮೇಲಿಂದ ನೋಡಿದರೂ ತಳ ಇರುವುದಕ್ಕಿಂತ ಕಾಲು ಭಾಗ ಮೇಲೆ ಕಾಣುತ್ತದೆ. ನಾಲ್ಕು ಅಡಿ ಆಳ ಮೂರು ಅಡಿ ಅನ್ನಿಸುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಎಂಟು ವರ್ಷದ ಮಗು "ಸೊಂಟದ ತನಕ ಅಷ್ಟೆ" ಎಂದು ಅಂದಾಜು ಮಾಡಿ ಇಳಿದ ನೀರು ಅವಳ ಎದೆಗೆ ಬಂದಿರುತ್ತದೆ. ಎದೆಮಟ್ಟದ ನೀರಿನಲ್ಲಿ ಮಗು ಅರ್ಧ ತೇಲುತ್ತದೆ, ಕಾಲು ನೆಲಕ್ಕೆ ಊರುವುದಿಲ್ಲ, ಸಣ್ಣ ಸೆಳವೂ ಅದನ್ನು ಸರಿಸುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಕೋಲಿನಿಂದ. ಕಾಯಿ ಕೀಳುವ ಉದ್ದ ಕೋಲು, ಅಂದರೆ ದೋಟಿ, ಮುರಿದದ್ದರ ಬಿದಿರಿನ ತುಂಡು ಸಾಕು. ಚಿಕ್ಕವಳ ಸೊಂಟದ ಎತ್ತರಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ. ಈಜು ಬರುವ ಒಬ್ಬರು ಇಡೀ ಗುಂಡಿಯನ್ನು ಗೇಣು ಗೇಣಾಗಿ ಚುಚ್ಚಿ ನೋಡಲಿ. ಬಟ್ಟೆ ಮುಳುಗಿದ ಕಡೆಗೆಲ್ಲ ಅಡ್ಡ ಹಗ್ಗ ಕಟ್ಟಿ, ಅದರಾಚೆ ಹೋಗಬಾರದು ಎಂಬ ಗಡಿ ಮಕ್ಕಳ ಕಣ್ಣಿಗೆ ಕಾಣಲಿ. ತಳದಲ್ಲಿ ಬೇರು, ಬಂಡೆಯ ಸಂದು ಇದೆಯೇ ನೋಡಿ. ಹರಿಯುವ ನೀರಿನಲ್ಲಿ ಪಾದ ಸಂದಿಗೆ ಸಿಕ್ಕಿಕೊಂಡರೆ ನೀರು ಮೈಯನ್ನು ಮುಂದಕ್ಕೆ ಬಗ್ಗಿಸಿ ಒತ್ತಿಹಿಡಿಯುತ್ತದೆ, ಮೊಣಕಾಲುದ್ದದ ನೀರಿನಲ್ಲೂ ಮುಳುಗುವುದು ಹೀಗೆ. ಸೆಳವಿಗೆ ಸಿಕ್ಕರೆ ನಿಲ್ಲಲು ಹೋಗದೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ತೇಲುತ್ತಾ ದಡದ ಕಡೆಗೆ ಓರೆಯಾಗಿ ಸರಿಯಬೇಕೆಂದು ಮಕ್ಕಳಿಗೆ ಹೇಳಿಕೊಡಿ.

ಏಪ್ರಿಲ್ ಮೇ ತಿಂಗಳಲ್ಲಿ ಇನ್ನೊಂದಿದೆ. ನಿಮ್ಮಲ್ಲಿ ಬಿಸಿಲಿದ್ದಾಗಲೇ ಆಗುಂಬೆ, ಶೃಂಗೇರಿ ಕಡೆಯ ಗುಡ್ಡದಲ್ಲಿ ಮಧ್ಯಾಹ್ನದ ಗುಡುಗು ಮಳೆ ಹೊಡೆಯುತ್ತದೆ. ಅದರ ನೀರು ಆಮೇಲೆ ಬರುತ್ತದೆ. ತಿಳಿನೀರು ಕದಡಿ ಕೆಂಪಾಗುವುದು, ದರಗು ಕಡ್ಡಿ ತೇಲಿ ಬರುವುದು, ಹಳ್ಳದ ಸದ್ದು ದಪ್ಪವಾಗುವುದು, ಈ ಮೂರರಲ್ಲಿ ಒಂದು ಕಂಡರೂ ಚಪ್ಪಲಿ ಬಟ್ಟೆ ಹುಡುಕದೆ ಎಲ್ಲರೂ ಮೇಲೆ. ನೀರಾಟವನ್ನು ಬೆಳಗ್ಗೆ ಮುಗಿಸಿ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬೆಳಗ್ಗೆ ದಾಟಿದ ಜಾಗವನ್ನು ಸಂಜೆ ದಾಟಲಾಗದ್ದು ಇದಕ್ಕೇ.

ಕಿಂಡಿ ಅಣೆಕಟ್ಟು ಹತ್ತಿರವಿದ್ದರೆ ಅದರ ಮೇಲೂ ಬೇಡ, ಕೆಳಗೂ ಬೇಡ. ಮೇಲ್ಗಡೆ ಹಲಗೆಯ ಸಂದಿಗೆ ನೀರು ಎಳೆಯುತ್ತದೆ. ಕೆಳಗಡೆ ಬಿದ್ದ ನೀರು ತಿರುಗಿ ಕಟ್ಟೆಯ ಬುಡಕ್ಕೇ ಮರಳುತ್ತದೆ, ಸಿಕ್ಕವರನ್ನು ಅಲ್ಲೇ ಸುತ್ತಿಸುತ್ತದೆ. ಗಾಜನೂರಿನಂಥ ಅಣೆಕಟ್ಟೆಗಳ ಕೆಳಗಿನ ಬಂಡೆಗಳ ಮೇಲೆ ಕೂತು ಊಟ ಬಿಚ್ಚುವವರಿಗೂ ಇದೇ ಮಾತು, ಗೇಟು ಎತ್ತಿದರೆ ಬಂಡೆಯ ಸುತ್ತ ನೀರು ಏರಿ ದಡದ ದಾರಿ ತಪ್ಪುತ್ತದೆ. ಶರಾವತಿ ಹಿನ್ನೀರಿಗೆ ಕರೆದೊಯ್ಯುವುದಾದರೆ ನೀರು ಇಳಿದ ದಂಡೆಯ ಕೆಸರನ್ನೂ ಮುಳುಗಿದ ಮರದ ಬೊಡ್ಡೆಗಳನ್ನೂ ನೆನಪಿಡಿ. ಜಂಬಿಟ್ಟಿಗೆ ತೆಗೆದ ಹಳೆಯ ಕ್ವಾರಿಯ ನೀರಂತೂ ಬೇಡವೇ ಬೇಡ, ಗೋಡೆ ನೆಟ್ಟಗಿರುತ್ತದೆ, ಕಾಲೂರಲು ಮೆಟ್ಟಿಲಿಲ್ಲ.

ಹದಿಮೂರರ ಹುಡುಗನನ್ನು ಕೊಲ್ಲುವುದು ಎರಡು ಸಂಗತಿ: ಸಂಕದ (ಕಾಲುಸೇತುವೆಯ) ಮೇಲಿಂದ ತಲೆಕೆಳಗಾಗಿ ಹಾರುವುದು, ಮತ್ತು ಗೆಳೆಯನನ್ನು ಉಳಿಸಲು ಇಳಿಯುವುದು. ಮೊದಲನೆಯದರಲ್ಲಿ ಕತ್ತಿನ ಮೂಳೆ ಮುರಿದು ಅಲ್ಲೇ ಕೈಕಾಲು ಬಿದ್ದು ಮುಳುಗುತ್ತಾನೆ. ಎರಡನೆಯದರಿಂದಲೇ ಸಾವುಗಳು ಒಂದಲ್ಲ, ಎರಡು, ಮೂರು ಎಂದು ಬರುವುದು. ಮುಳುಗುವವನು ಹತ್ತಿರ ಬಂದವನ ಹೆಗಲ ಮೇಲೆ ಹತ್ತುತ್ತಾನೆ. ಅದು ಅವನ ತಪ್ಪಲ್ಲ, ಉಸಿರಿಗಾಗಿ ಮೈ ತಾನೇ ಹಾಗೆ ಮಾಡುತ್ತದೆ. ಈ ಹುಡುಗನಿಗೆ "ಇಳಿಯಬೇಡ" ಎಂದಷ್ಟೇ ಹೇಳಿದರೆ ಅವನು ಇಳಿಯುತ್ತಾನೆ. ಬದಲಿಗೆ ಏನು ಮಾಡಬೇಕೆಂದು ಕೊಡಿ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ತೊಳೆದು, ಎಸೆದಾಗ ದೂರ ಹೋಗಲೆಂದು ಒಂದೆರಡು ಲೋಟ ನೀರು ಹಾಕಿ ಮುಚ್ಚಳ ಬಿಗಿಯಿರಿ. ಹಿಡಿಗೆ ಐವತ್ತು ಅಡಿ ಪ್ಲಾಸ್ಟಿಕ್ ಹಗ್ಗ ಕಟ್ಟಿ, ನೀರಿನಲ್ಲಿ ತೇಲುವ ಹಗ್ಗವೇ ಆಗಬೇಕು. ಹಗ್ಗದ ಇನ್ನೊಂದು ತುದಿಯನ್ನು ಮರಕ್ಕೆ ಕಟ್ಟಿ ಅಥವಾ ಕಾಲಡಿ ಮೆಟ್ಟಿಕೊಳ್ಳಿ, ಮಣಿಕಟ್ಟಿಗೆ ಸುತ್ತಬೇಡಿ. ಕ್ಯಾನನ್ನು ಮಗುವಿನ ತಲೆಗೆ ಗುರಿಯಿಡದೆ ಅದನ್ನು ದಾಟಿಸಿ ಎಸೆದು, ಹಗ್ಗ ಕೈಗೆ ಸಿಗುವಂತೆ ಎಳೆಯಬೇಕು. ಮೊದಲ ದಿನವೇ ಅಂಗಳದಲ್ಲಿ ಒಂದು ಗೂಟ ನೆಟ್ಟು ಇಪ್ಪತ್ತು ಸಲ ಎಸೆಸಿ. ಅವನಿಗೆ ಅದು ಆಟವೇ ಆಗುತ್ತದೆ. ಹತ್ತಿರವಿದ್ದರೆ ದೋಟಿ ಚಾಚುವುದು, ದಡದಲ್ಲಿ ಬೋರಲು ಮಲಗಿ ಚಾಚಬೇಕು, ನಿಂತು ಚಾಚಿದರೆ ಎಳೆದುಕೊಂಡು ಬೀಳುತ್ತಾನೆ. ಏನೂ ಇಲ್ಲದಿದ್ದರೆ ಎರಡು ಸೀರೆ ಗಂಟು ಹಾಕಿದರೆ ಮೂವತ್ತೈದು ಅಡಿಯ ಹತ್ತಿರ ಬರುತ್ತದೆ.

ನೋಡುತ್ತಾ ಕೂರುವವರು ಏನನ್ನು ನೋಡಬೇಕು? ಮುಳುಗುವ ಮಗು ಕೈ ಬೀಸಿ ಕೂಗುವುದು ಅಪರೂಪ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುವಾಗ ಉಸಿರಾಡಲೇ ಸಮಯವಿಲ್ಲ, ಕೂಗುವುದೆಲ್ಲಿ? ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದಿರುತ್ತದೆ, ಕೂದಲು ಕಣ್ಣಿನ ಮೇಲೆ ಬಂದರೂ ಸರಿಸಿಕೊಳ್ಳುವುದಿಲ್ಲ, ಕೈಗಳು ಎರಡೂ ಬದಿಗೆ ನೀರನ್ನು ಅದುಮುತ್ತಿರುತ್ತವೆ, ಮೈ ನೆಟ್ಟಗೆ, ಕಾಣದ ಏಣಿ ಹತ್ತಿದಂತೆ. ಇಪ್ಪತ್ತರಿಂದ ಅರವತ್ತು ಸೆಕೆಂಡಿನಲ್ಲಿ ಕೆಳಗೆ ಹೋಗುತ್ತದೆ. ಗದ್ದಲ ಮಾಡುತ್ತಿದ್ದ ಮಗು ಸುಮ್ಮನಾದರೆ ಹೆಸರು ಹಿಡಿದು ಕೂಗಿ, ಉತ್ತರ ಬರದಿದ್ದರೆ ಹೊರಟುಬಿಡಿ. ಕಾಯುವ ಸರದಿ ಇಪ್ಪತ್ತು ನಿಮಿಷಕ್ಕೊಬ್ಬರು, ಮೊಬೈಲ್ ಕೈಯಲ್ಲಿ ಬೇಡ, ಗ್ಲಾಸು ಹಿಡಿದವರಂತೂ ಬೇಡ.

ಹತ್ತು ದಿನದಲ್ಲಿ ಈಜು ಬರುವುದಿಲ್ಲ. ಈಜು ಬರುತ್ತದೆಂಬ ಧೈರ್ಯ ಮಾತ್ರ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ದೊಡ್ಡವನಿಗೆ ನೀರಿನೊಳಗೆ ಮೂಗಿನಿಂದ ಉಸಿರು ಬಿಡುವುದು, ಅಂಗಾತ ತೇಲುವುದು, ಬಿದ್ದ ಕಡೆಯೇ ತಿರುಗಿ ದಡ ಹಿಡಿಯುವುದು, ಇಷ್ಟು ಕಲಿಸಿದರೆ ದೊಡ್ಡದು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಕಟ್ಟಿ ಎದೆಯಡಿ ಕೊಡುವ ನಮ್ಮ ಹಳೆಯ ಪದ್ಧತಿ ಕಲಿಕೆಗೆ ಚೆನ್ನಾಗಿದೆ. ಅದಾಗಲಿ, ಲಾರಿ ಟ್ಯೂಬಾಗಲಿ, ಗಾಳಿ ತುಂಬಿದ ತೋಳಪಟ್ಟಿಯಾಗಲಿ ಜೀವ ಕಾಯುವ ಸಾಧನವಲ್ಲ, ಜಾರಿಹೋಗುತ್ತದೆ. ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ಸರಿಯಾಗಿರಬೇಕು. ತೊಡಿಸಿ ಹೆಗಲ ಬಳಿ ಹಿಡಿದು ಮೇಲೆತ್ತಿ ನೋಡಿ, ಅದು ಕಿವಿಯವರೆಗೆ ಏರಿದರೆ ದೊಡ್ಡದಾಯಿತು. ಕಾಲ ಸಂದಿನ ಪಟ್ಟಿ ಇರುವುದನ್ನೇ ತನ್ನಿ.

ಮೇಲೆ ತಂದ ಮಗುವಿಗೆ ಎಚ್ಚರವಿಲ್ಲ, ಉಸಿರಿಲ್ಲ ಅಥವಾ ಬಿಟ್ಟು ಬಿಟ್ಟು ಬಿಕ್ಕಿದಂತೆ ಉಸಿರಾಡುತ್ತಿದೆ ಎನ್ನಿ. ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆಯಡಿ ಕೊಡ ಇಟ್ಟು ಉರುಳಿಸುವುದು, ಹೊಟ್ಟೆ ಒತ್ತುವುದು ಯಾವುದೂ ಬೇಡ. ಶ್ವಾಸಕೋಶಕ್ಕೆ ಹೋದ ನೀರು ಕಡಿಮೆ, ಹೊರಬರುವುದು ಹೊಟ್ಟೆಯ ನೀರು, ಅದು ಬರುವಾಗ ಉಸಿರು ನಾಳಕ್ಕೆ ಹೊಕ್ಕು ಇನ್ನಷ್ಟು ಕೆಡಿಸುತ್ತದೆ. ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಬದುಕುತ್ತಾರೆಂಬ ಮೊಬೈಲ್ ಸಂದೇಶ ಶುದ್ಧ ಸುಳ್ಳು. ಮಗುವಿಗೆ ಬೇಕಾಗಿರುವುದು ಗಾಳಿ. ನಾಲ್ಕಾರು ನಿಮಿಷ ಗಾಳಿ ಸಿಗದಿದ್ದರೆ ಮಿದುಳು ಕೆಡಲು ಶುರು.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಣೆ ಹಿಂದಕ್ಕೆ, ಗಲ್ಲ ಮೇಲಕ್ಕೆ. ಮೂಗು ಹಿಡಿದು ಬಾಯಿಗೆ ಬಾಯಿ ಹಚ್ಚಿ, ಎದೆ ಏರುವುದು ಕಾಣುವಷ್ಟು, ಒಂದೊಂದು ಸೆಕೆಂಡಿನಂತೆ ಐದು ಸಲ ಊದಿ. ಹೃದಯ ನಿಂತು ಕುಸಿದವರಿಗೆ ಮೊದಲು ಎದೆ ಒತ್ತುವುದಾದರೆ, ಮುಳುಗಿದವರಿಗೆ ಮೊದಲು ಊದುವುದು. ಆಮೇಲೆ ಎದೆಯ ನಡುಮೂಳೆಯ ಕೆಳ ಅರ್ಧದಲ್ಲಿ ಅಂಗೈಯ ಬುಡವಿಟ್ಟು, ಎದೆಯ ದಪ್ಪದ ಮೂರನೇ ಒಂದು ಭಾಗ ತಗ್ಗುವಷ್ಟು, ಸುಮಾರು ಎರಡು ಇಂಚು, ಒತ್ತಿ ಪೂರ್ತಿ ಬಿಡಿ. ಚಿಕ್ಕವನಿಗೆ ಒಂದು ಕೈ ಸಾಕು, ದೊಡ್ಡವನಿಗೆ ಎರಡು. ನಿಮಿಷಕ್ಕೆ 100ರಿಂದ 120ರ ವೇಗ. ಮೂವತ್ತು ಒತ್ತು, ಎರಡು ಊದು, ಮತ್ತೆ ಮೂವತ್ತು. ಬಾಯಿಂದ ನೊರೆ ಬರುತ್ತದೆ, ಅದನ್ನು ಒರೆಸುತ್ತಾ ಕೂರದೆ ಊದಿ. ವಾಂತಿ ಬಂದರೆ ಮಗ್ಗುಲಿಗೆ ತಿರುಗಿಸಿ ಬಾಯಿ ಚೊಕ್ಕ ಮಾಡಿ ಮುಂದುವರಿಸಿ. ಒಬ್ಬರೇ ಇದ್ದರೆ ಐದು ಊದು ಮತ್ತು ಒಂದೆರಡು ನಿಮಿಷ ಇದನ್ನು ಮಾಡಿದ ಮೇಲೆ ಫೋನು. ಇಬ್ಬರಿದ್ದರೆ ಒಬ್ಬರು ಆಗಲೇ 108 ಅಥವಾ 112ಕ್ಕೆ. ಉಸಿರು ಮರಳುವವರೆಗೆ ಅಥವಾ ಆಂಬ್ಯುಲೆನ್ಸಿನವರು ಕೈಗೆತ್ತಿಕೊಳ್ಳುವವರೆಗೆ ನಿಲ್ಲಿಸಬೇಡಿ.

ನೀರು ಕುಡಿದು ಕೆಮ್ಮಿ ಸುಧಾರಿಸಿಕೊಂಡ ಮಗುವನ್ನು ಆರೆಂಟು ಗಂಟೆ ಗಮನಿಸಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಜೋರಾದರೆ, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸಿದರೆ ಆಸ್ಪತ್ರೆ. ಉಸಿರು ಊದಿ ಬದುಕಿಸಿದ ಮಗುವಿಗಂತೂ ಗಮನಿಸುವ ಮಾತಿಲ್ಲ, ನೇರ ಆಸ್ಪತ್ರೆಯೇ.

ಇನ್ನೊಂದು ಕೆಲಸ ಮಕ್ಕಳು ಬರುವ ಮೊದಲೇ ಮುಗಿಸಿ. ಹಳ್ಳದ ಹತ್ತಿರ ಯಾವ ಸಿಮ್ಮಿಗೆ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆಂದು ನಡೆದು ನೋಡಿ, ಆ ಜಾಗಕ್ಕೆ ಒಂದು ಗುರುತು ಹಾಕಿ. ಮುಖ್ಯ ರಸ್ತೆಯಿಂದ ನಿಮ್ಮ ಮನೆಗೆ ತಿರುಗುವ ದಾರಿ, ಆಂಬ್ಯುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ಅದನ್ನು ಓದಿ ಹೇಳುವ ಕೆಲಸ ಹದಿಮೂರರ ಹುಡುಗನಿಗೇ ಇರಲಿ.